ಪುಟ ತಿರುಗಿಸೋ ಕೆಲಸ

13 ಜನವರಿ 2025, ಸೋಮವಾರ

ದಿನಾ ಬರೀಬೇಕಂತೆ. ಅನಿತ ಮೇಡಂ ಅಪ್ಪಣೆ. ಆಸ್ಪತ್ರೇಲಿ ಮಾತು, ಓದು ಕಳಕೊಂಡವರಿಗೆ ಮತ್ತೆ ಕಲಿಸೋರು ಅವರು, ವಯಸ್ಸು ಇಪ್ಪತ್ತೆಂಟು ದಾಟಿರಲಿಕ್ಕಿಲ್ಲ. "ಏನಾದ್ರೂ ಬರೀರಿ ಸರ್, ಯಾರಿಗೂ ತೋರಿಸಬೇಡಿ, ಕೈ ಮರೀಬಾರದು ಅಷ್ಟೇ" ಅಂದ್ರು. ಸರಿ, ಬರೀತಿದ್ದೀನಿ. ಬರೆದದ್ದನ್ನ ಓದೋಕೆ ನನಗೇ ಆಗಲ್ಲ ಅನ್ನೋದು ಬೇರೆ ವಿಷಯ.

ಯಾರಿಗೆ ಹೇಳಿದ್ರೂ ನಂಬಲ್ಲ ಇದನ್ನ. ಡಿಸೆಂಬರ್ ಎರಡನೇ ತಾರೀಕು ಕಾಲೇಜಿನಲ್ಲಿ ಹಾಜರಿ ಕೂಗ್ತಿದ್ದೆ. ಹದಿನೇಳನೇ ಹೆಸರಿಗೆ ಬಂದೆ, ಅಕ್ಷರಗಳೆಲ್ಲ ಇರುವೆ ಸಾಲಾಗಿಬಿಟ್ವು. ಕಣ್ಣು ಉಜ್ಜಿಕೊಂಡೆ, ಕನ್ನಡಕ ಒರೆಸಿದೆ, ಹುಡುಗರು ನಗೋಕೆ ಶುರು ಮಾಡಿದ್ರು. ಮಿದುಳಿನ ಹಿಂದುಗಡೆ ಎಲ್ಲೋ ರಕ್ತ ಹೆಪ್ಪುಗಟ್ಟಿತ್ತಂತೆ. ಕೈಕಾಲು ಗಟ್ಟಿಯಾಗಿವೆ, ಮಾತು ಸರಿ ಇದೆ, ನೆನಪು ಸರಿ ಇದೆ. ಬಲಗಡೆ ಅರ್ಧ ಕಾಣಲ್ಲ. ಓದು ಮಾತ್ರ ಪೂರ್ತಿ ಹೋಗಿದೆ. ಓದೋ ಜಾಗ ಬೇರೆ, ಬರೆಯೋ ಜಾಗ ಬೇರೆ ಅಂತ ಡಾಕ್ಟರು ಚಿತ್ರ ಬರೆದು ತೋರಿಸಿದ್ರು. ಹಾಗಾಗಿ ಬರೀಬಲ್ಲೆ. ಪೆನ್ನು ಎತ್ತಿದ ಮೇಲೆ ನಾನೇ ಬರೆದದ್ದು ನನಗೆ ಚೀನಿ ಭಾಷೆ.

ಇಪ್ಪತ್ತಾರು ವರ್ಷ ಇತಿಹಾಸ ಪಾಠ ಮಾಡಿದ ನಂದೀಶ್ ಮೇಷ್ಟ್ರು ಈಗ ಮೆಡಿಕಲ್ ಶಾಪಿನ ಬೋರ್ಡಿನ ಕೆಳಗೆ ನಿಂತು ಇದು ಬೇಕರಿನಾ ಅಂತ ಕೇಳ್ತಾನೆ.

ವಾಣಿ "ನಿಧಾನಕ್ಕೆ ಬರುತ್ತೆ ಬಿಡ್ರಿ" ಅಂದಳು. ದಿನಕ್ಕೆ ಹತ್ತು ಸಲ ಅಂತಾಳೆ.

26 ಜನವರಿ, ಭಾನುವಾರ

ಕಾಯಿಲೆ ಆದ ಮೇಲೆ ಮೊದಲ ಸಲ ಇಬ್ಬರೂ ಹೊರಗೆ ಹೋದ್ವಿ. ಅಂತರಗಂಗೆಗೆ, ಆಟೋದಲ್ಲಿ. ಬಲಗಡೆಯಿಂದ ಬರೋ ಲಾರಿ ಕಾಣದವನ ಕೈಗೆ ಸ್ಕೂಟರು ಯಾರು ಕೊಡ್ತಾರೆ? ಅದು ಮೆಟ್ಟಿಲ ಕೆಳಗೆ ಧೂಳು ತಿಂತಾ ಇದೆ.

ನಮಗೆ ಮಕ್ಕಳಾಗಲಿಲ್ಲ. ಭಾನುವಾರ ಮನೇಲಿ ಕೂತು ಒಬ್ಬರ ಮುಖ ಒಬ್ಬರು ನೋಡಬಾರದು ಅಂತ ಮದುವೆಯಾದ ವರ್ಷವೇ ಶುರುವಾದ ಪದ್ಧತಿ ಇದು. ಒಂದು ಡಬ್ಬಿ ಚಿತ್ರಾನ್ನ, ಒಂದು ಪುಸ್ತಕ, ಒಂದು ಬೆಟ್ಟ. ಈ ಜಿಲ್ಲೇಲಿ ಬೆಟ್ಟಕ್ಕೇನು ಬರ? ಮೊದಲು ಒಂದು ಗಂಟೆ ನಾನು ಓದೋದು. ಆಮೇಲೆ ಪುಸ್ತಕ ಅವಳ ಕೈಗೆ ಕೊಟ್ಟು, ಮುಖದ ಮೇಲೆ ಟವಲ್ ಹಾಕ್ಕೊಂಡು ಬಂಡೆ ಮೇಲೆ ಒರಗೋದು. ಅಷ್ಟು ಹೊತ್ತು ಅವಳು ಓದೋದು, ನನ್ನ ಹಾಗೇ ಮನಸ್ಸಲ್ಲೇ. ವಾಪಸ್ ಬರುವಾಗ ಸ್ಕೂಟರ್ ಮೇಲೆ ದಾರಿ ಉದ್ದಕ್ಕೂ ಆ ಪುಸ್ತಕದ ಮಾತು. ಇಪ್ಪತ್ತು ವರ್ಷ ನಡೀತು. ಸ್ಟಾಫ್ ರೂಮಿನಲ್ಲಿ ಉಳಿದವರು ಹೆಂಡತಿಯ ಸೀರಿಯಲ್ ಹುಚ್ಚಿನ ಬಗ್ಗೆ ಗೊಣಗುವಾಗ ನಾನು ಒಳಗೊಳಗೇ ಬೀಗ್ತಿದ್ದೆ. ನಂದು ಓದೋ ಹೆಂಡತಿ ಕಣ್ರೋ ಅಂತ.

ಇವತ್ತು ಬೆಟ್ಟದ ತುಂಬ ಜನ, ಗಣರಾಜ್ಯೋತ್ಸವದ ರಜ. ಬಸವನ ಬಾಯಿಂದ ನೀರು ಬರೋ ಕಡೆ ಒಬ್ಬಳು ಹುಡುಗಿ ಅದೇ ನೀರನ್ನ ಮೂರು ಸಲ ಕುಡಿದಳು. ಮೊದಲ ಎರಡು ಸಲ ವಿಡಿಯೋ ಸರಿ ಬರಲಿಲ್ಲವಂತೆ. ನೀರು ಹೇಗಿತ್ತಮ್ಮಾ ಅಂತ ಕೇಳಿದ್ದಿದ್ರೆ ಹೇಳೋಕೆ ಬರ್ತಿರಲಿಲ್ಲ ಅವಳಿಗೆ. ಎಲ್ಲರೂ ಕೈಯಲ್ಲಿ ಕನ್ನಡಿ ಹಿಡಕೊಂಡೇ ಓಡಾಡ್ತಾರೆ. ಒಬ್ಬರ ಕೈಯಲ್ಲಾದ್ರೂ ಪುಸ್ತಕ ಇತ್ತಾ? ನಮ್ಮಿಬ್ಬರನ್ನ ಬಿಟ್ಟು ಇಲ್ಲ. ಆ ಪುಸ್ತಕವೂ ಚೀಲದಿಂದ ಆಚೆ ಬರಲಿಲ್ಲ ಅನ್ನಿ.

"ಓದು ವಾಣಿ, ಇನ್ಮೇಲೆ ನೀನು ಓದು, ನಾನು ಕೇಳ್ತೀನಿ" ಅಂದೆ. "ಕನ್ನಡಕ ಮರೆತು ಬಂದೆ ರೀ" ಅಂದಳು. ಮನೆಗೆ ಬಂದು ನೋಡಿದ್ರೆ ಕನ್ನಡಕ ಅವಳ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು. ಅವಳಿಗೂ ಪಾಪ ತಲೆ ಕೆಟ್ಟಿದೆ.

9 ಫೆಬ್ರವರಿ, ಭಾನುವಾರ

ಮುಳಬಾಗಿಲು ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಕುರುಡುಮಲೆಗೆ. ಗಣಪತಿ ಮುಂದೆ ನಿಂತು ಏನೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡ್ರೆ ಒಂದೇ ಕೇಳಬೇಕಿತ್ತು, ಅದು ಸಿಗಲ್ಲ ಅಂತ ಡಾಕ್ಟರೇ ಹೇಳಿದ್ದಾರೆ.

ದೇವಸ್ಥಾನದ ಜಗುಲಿ ಮೇಲೆ ಕೂತು ಪುಸ್ತಕ ತೆಗೆದೆ. ಬಾವಿ ತೋಡೋನೊಬ್ಬನ ಕಥೆ ಅದು, ನವೆಂಬರಿನಲ್ಲಿ ಅರ್ಧ ಓದಿದ್ದೆ. ಅವನು ಇಪ್ಪತ್ತು ಅಡಿ ಇಳಿದಿದ್ದಾನೆ, ಮೇಲೆ ಹಗ್ಗ ಹಿಡಿದವನ ಮೇಲೆ ಅವನಿಗೆ ಅನುಮಾನ. ಅಲ್ಲಿಗೆ ನಿಂತಿದೆ. ಎರಡು ತಿಂಗಳಿಂದ ಆ ಮನುಷ್ಯ ಬಾವಿಯೊಳಗೇ ಇದ್ದಾನೆ! "ಓದೇ, ಅವನ ಗತಿ ಏನಾಯ್ತು ನೋಡೋಣ" ಅಂದೆ. "ಗಂಟಲು ಕಟ್ಟಿದೆ ರೀ" ಅಂದಳು. ಐದು ನಿಮಿಷಕ್ಕೆ ಮುಂಚೆ ಹೂವಿನವಳ ಹತ್ತಿರ ತೆಲುಗಿನಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡ್ತಿದ್ದಳು.

ಅನಿತ ಮೇಡಂ ಫೋನಿಗೆ ಓದೋ ಯಂತ್ರ ಹಾಕಿಕೊಟ್ಟಿದ್ದಾರೆ. ಪುಟದ ಫೋಟೋ ಹಿಡಿದ್ರೆ ಒಬ್ಬ ಹೆಂಗಸು ಓದ್ತಾಳೆ. ಸಾವಿನ ಸುದ್ದಿನೂ ಬಸ್ಸಿನ ವೇಳಾಪಟ್ಟಿನೂ ಒಂದೇ ದನಿ. ಹತ್ತು ಸಾಲು ಕೇಳಿ ಆಫ್ ಮಾಡಿದೆ. ಅದನ್ನ ಕೇಳೋದಕ್ಕಿಂತ ಕಿವುಡಾಗೋದು ವಾಸಿ.

16 ಫೆಬ್ರವರಿ, ಭಾನುವಾರ

ಆವಣಿ. ಹೇಗೆ ಬರೀಬೇಕೋ ತಿಳೀತಿಲ್ಲ.

ಬೆಟ್ಟ ಅರ್ಧ ಹತ್ತಿ ನೆರಳಲ್ಲಿ ಕೂತ್ವಿ. ಪುಸ್ತಕ ಅವಳ ತೊಡೆ ಮೇಲಿಟ್ಟೆ. ಕನ್ನಡಕ ನಾನೇ ಕೊಟ್ಟೆ. "ಇವತ್ತು ಯಾವ ನೆಪನೂ ಬೇಡ" ಅಂದೆ. ಅವಳು ಬಹಳ ಹೊತ್ತು ಪುಟ ನೋಡಿದಳು. ಆಮೇಲೆ ಶುರು ಮಾಡಿದಳು. "ಅ-ವ-ನು... ಹಗ್-ಗ... ಹಗ್ಗ-ವ-ನ್ನು..."

ತಮಾಷೆ ಅಂದ್ಕೊಂಡೆ. ನಗ್ತಾ ತಿರುಗಿ ನೋಡಿದ್ರೆ ಅವಳ ಬೆರಳು ಸಾಲಿನ ಕೆಳಗೆ ಒಂದೊಂದೇ ಅಕ್ಷರ ತಡವ್ತಾ ಇತ್ತು.

"ನನಗೆ ಕನ್ನಡ ಓದೋಕೆ ಬರಲ್ಲ ರೀ" ಅಂದಳು.

ಪುಂಗನೂರಲ್ಲಿ ಓದಿದವಳು ಅವಳು, ಗಡಿಯಾಚೆ. ಹತ್ತನೇ ಕ್ಲಾಸಿನ ತನಕ ತೆಲುಗು ಮೀಡಿಯಂ. ಮನೇಲಿ ಕನ್ನಡ, ಬೀದೀಲಿ ತೆಲುಗು. ನಾವೂ ಹಾಗೇ, ಈ ಕಡೆ ಯಾರು ಯಾವ ಭಾಷೆ ಅಂತ ಯಾರು ವಿಚಾರಿಸ್ತಾರೆ? ಹೆಣ್ಣು ನೋಡೋಕೆ ಹೋದಾಗ ನಾನೇ ಕೇಳಿದ್ದೆ, ಪುಸ್ತಕ ಓದ್ತೀಯಾ ಅಂತ. ಓದ್ತೀನಿ ಅಂದಿದ್ದಳು. ಸುಳ್ಳೇನಲ್ಲ, ಅಲ್ಲಿನ ಲೈಬ್ರರೀಲಿ ಅವಳ ಹೆಸರಲ್ಲಿ ಕಾರ್ಡು ಇತ್ತಂತೆ. ಯಾವ ಲಿಪಿ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ತೆಲುಗು ಅಕ್ಷರದ ಅಂದಾಜಲ್ಲಿ ಓದಿಬಿಡ್ತಾಳೆ. ಪುಟ ಓದೋಕಾಗಲ್ಲ.

"ಮತ್ತೆ ಇಷ್ಟು ವರ್ಷ?" ಅಂದೆ.

"ಮದುವೆಯಾದ ಎರಡನೇ ವಾರ ಕೈಗೆ ಪುಸ್ತಕ ಕೊಟ್ರಲ್ಲ. ಬರಲ್ಲ ಅನ್ನೋಕೆ ನಾಚಿಕೆ ಆಯ್ತು. ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳೋಕೇ ಆಗಲಿಲ್ಲ."

"ನಾನು ಮಲಗಿದ್ದಾಗ ಏನು ಮಾಡ್ತಿದ್ದೆ?"

"ಪುಟ ತಿರುಗಿಸ್ತಿದ್ದೆ."

ಇಳಿದು ಬಂದ್ವಿ. ಚಿತ್ರಾನ್ನದ ಡಬ್ಬಿ ತೆಗೀಲೇ ಇಲ್ಲ.

17 ಫೆಬ್ರವರಿ, ಸೋಮವಾರ

ಥೂ.

19 ಫೆಬ್ರವರಿ, ಬುಧವಾರ

ಎಲ್ಲ ನೆನಪು ಮಾಡಿಕೊಂಡೆ. ಇಪ್ಪತ್ತು ವರ್ಷ ಸ್ಕೂಟರ್ ಮೇಲೆ ಅವಳು ಆಡಿದ ಮಾತು ಮೂರೇ. "ಆಮೇಲೆ?" "ನಿಮಗೆ ಏನನ್ನಿಸ್ತು?" "ಹೌದಲ್ವಾ!" ನಾನು ಮುಂದೆ ಕೂತು ಗಾಳಿಗೆ ಕೂಗ್ತಾ ಕಥೆ ಹೇಳ್ತಿದ್ದೆ, ಅವಳು ಹಿಂದೆ ಕೂತು ಹೂಂಗುಟ್ತಿದ್ದಳು. ಅದನ್ನೇ ನಾನು ಚರ್ಚೆ ಅಂದ್ಕೊಂಡಿದ್ದೆ. ನನ್ನಂಥ ಪೆದ್ದ ಇನ್ನೊಬ್ಬ ಇದ್ದಾನಾ?

ಒಂದು ಅನುಕೂಲ ಆಯ್ತು. ಈ ಮನೇಲಿ ಈ ನೋಟ್ ಬುಕ್ ಓದಬಲ್ಲವರು ಯಾರೂ ಇಲ್ಲ, ನಾನೂ ಸೇರಿ. ಬಾಯಿಗೆ ಬಂದದ್ದು ಬರೀಬಹುದು.

8 ಮಾರ್ಚ್, ಶನಿವಾರ

ಕೆಳಗಿನ ಮನೆ ರಾಮಲಕ್ಷ್ಮಮ್ಮನ ಮೊಮ್ಮಗಳ ಒಂದನೇ ಕ್ಲಾಸಿನ ಪುಸ್ತಕ ಇಸ್ಕೊಂಡು ಬಂದಿದ್ದಾಳೆ. ಮಧ್ಯಾಹ್ನ ಪಾತ್ರೆ ತೊಳೆದು ಅಡುಗೆಮನೇಲಿ ಕೂತು "ಗಿಣಿ, ಗುಡಿ, ಗೂಡು" ಅಂತ ಶುರು. ನಲವತ್ತನಾಲ್ಕು ವರ್ಷದ ಹೆಂಗಸು. ಹೊರಗಡೆ ನಾನು ಕುರ್ಚಿ ಮೇಲೆ ಕೂತು ಕೇಳ್ತೀನಿ. ಏನು ಮನೆಯಪ್ಪಾ ಇದು!

"ಈಗ ಕಲಿತು ಯಾರನ್ನ ಉದ್ಧಾರ ಮಾಡಬೇಕು?" ಅಂತ ಕೇಳಿದೆ. ಅವಳು ಪುಸ್ತಕ ಮುಚ್ಚಿ ಒಲೆ ಹತ್ತಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗಿಣಿ, ಗುಡಿ.

ಅನಿತ ಮೇಡಂ ನನಗೆ ಬೇರೆ ಉಪಾಯ ಹೇಳಿಕೊಟ್ರು. ಅಕ್ಷರದ ಮೇಲೆ ಬೆರಳು ಓಡಿಸಬೇಕು. ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯುತ್ತಂತೆ. ಅರ್ಧ ಗಂಟೆ ತಿದ್ದಿ "ಕ" ಅಂತ ಕಂಡುಹಿಡಿದೆ. ಮುಂದಿನ ಅಕ್ಷರಕ್ಕೆ ಹೋಗೋ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಯ್ತು. ಹೀಗೆ ಒಂದು ಪುಟ ಓದೋದಕ್ಕೆ ನನ್ನ ಆಯಸ್ಸು ಸಾಲಲ್ಲ.

30 ಮಾರ್ಚ್, ಭಾನುವಾರ, ಯುಗಾದಿ

ಬೇವು ಬೆಲ್ಲ ಆಯ್ತು, ಒಬ್ಬಟ್ಟು ಆಯ್ತು. ಪಂಚಾಂಗ ನಾನೇ ಓದೋದು ಪ್ರತಿ ವರ್ಷ. ಈ ವರ್ಷ ಟೀವಿ ಹಾಕಿದ್ವಿ.

ಊಟ ಆದ ಮೇಲೆ ಅವಳು ಎದುರಿಗೆ ಬಂದು ಕೂತು "ಒಂದು ಪಾಠ ಓದ್ತೀನಿ, ಕೇಳ್ತೀರಾ?" ಅಂದಳು. ನರಿ, ದ್ರಾಕ್ಷಿ. ಹಬ್ಬದ ದಿನ ಹೊಸ ಸೀರೆ ಉಟ್ಟು, ಬೆರಳಿಟ್ಟು ನರಿ ದ್ರಾಕ್ಷಿ ಓದಿದಳು. ಅದನ್ನ ನೋಡಿ ನನಗೆ ಎಲ್ಲಿತ್ತೋ ಸಿಟ್ಟು. ಎದ್ದು ರೂಮಿಗೆ ಬಂದೆ. ಅವಳ ಎದುರಿಗೆ ಹೇಳೋಕಾಗದ್ದನ್ನ ಇಲ್ಲಿ ಬರೀತೀನಿ.

ಕಾಯಿಲೆ ನನ್ನ ಓದು ಕಿತ್ಕೊಳ್ತು, ಸರಿ, ಅದು ಹಣೆಬರಹ. ಆದ್ರೆ ನನ್ನ ಜೊತೆ ಇಪ್ಪತ್ತು ವರ್ಷ ಕೂತು ಓದಿದ ಹೆಂಗಸನ್ನ ಕಿತ್ಕೊಂಡವಳು ಇವಳು. ಆ ಹೆಂಗಸು ಇರಲೇ ಇಲ್ಲ. ಆ ಬೆಟ್ಟಗಳಲ್ಲೆಲ್ಲ ನಾನು ಒಬ್ಬನೇ ಕೂತಿದ್ದೆ. ಇವಳ ಜೊತೆ ಇನ್ನು ಎಲ್ಲಿಗೂ ಹೋಗೋ ಆಸೆ ನನಗಿಲ್ಲ. ಇವಳು ನಾಳೆ ಗಂಟು ಕಟ್ಟಿಕೊಂಡು ಪುಂಗನೂರಿಗೆ ಹೊರಟುಹೋದ್ರೂ ನನಗೇನೂ ಆಗಲ್ಲ. ಅಡುಗೆಯವಳನ್ನ ಇಟ್ಟುಕೊಂಡ್ರಾಯ್ತು.

20 ಏಪ್ರಿಲ್, ಭಾನುವಾರ

ಹರಕೆ ಅಂತ ಎಳ್ಕೊಂಡು ಹೋದಳು, ಮಾಲೂರಿಗೆ ಹೋಗಿ ಅಲ್ಲಿಂದ ಚಿಕ್ಕತಿರುಪತಿ. ದಾರಿ ತುಂಬ ಇಟ್ಟಿಗೆ ಗೂಡಿನ ಹೊಗೆ. ವಾಪಸ್ ಬರುವಾಗ ಮಾಲೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತ್ವಿ. ರೈಲು ನೋಡೋದು ನನಗೆ ಇಷ್ಟ ಅಂತ ಅವಳಿಗೆ ಗೊತ್ತು. ಭಾನುವಾರ ಆದ್ದರಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗೋರ ನೂಕಾಟ ಇರಲಿಲ್ಲ. ಇದ್ದ ಹತ್ತು ಜನವೂ ಕತ್ತು ಬಗ್ಗಿಸಿ ಫೋನು ಉಜ್ಜುತ್ತಿದ್ರು. ರೈಲು ಬಂದ್ರೂ ಹತ್ತಿದ ಮೇಲೆ ತಲೆ ಎತ್ತಿದ್ರು.

ಆಗ ಇವಳು ಚೀಲದಿಂದ ಬಾವಿ ತೋಡೋನ ಕಥೆ ತೆಗೆದಳು. ಬೇಡ ಅನ್ನೋಕೆ ಮುಂಚೆ ಶುರು ಮಾಡಿದಳು. ಪರವಾಗಿಲ್ಲ, ಒತ್ತಕ್ಷರಕ್ಕೆ ಎಡವ್ತಾಳೆ, ಉಳಿದದ್ದು ಹೋಗ್ತಾ ಇದೆ. ಎರಡು ಪುಟ ಓದಿದಳು. ಓದಿ, "ಹಗ್ಗ ಹಿಡಿದವನು ಕೆಟ್ಟವನಲ್ಲ ರೀ. ಅವನಿಗೆ ಕೈ ನೋಯ್ತಿದೆ, ಹೇಳೋಕೆ ಭಯ" ಅಂದಳು.

ನನಗೆ ಹೊಳೆದಿರಲಿಲ್ಲ ಅದು. ಅರ್ಧ ಪುಸ್ತಕ ಓದಿದವನಿಗೆ ಹೊಳೀಲಿಲ್ಲ, ಎರಡು ಪುಟ ಓದಿದವಳಿಗೆ ಹೊಳೀತು. ಖುಷಿ ಪಡಬೇಕಿತ್ತು. ಹೊಟ್ಟೆ ಉರಿದುಹೋಯ್ತು, ನಿಜ ಹೇಳಬೇಕು ಅಂದ್ರೆ. ಬಾಯಿಂದ ಬಂದೇಬಿಡ್ತು: "ಇಷ್ಟು ಕಷ್ಟಪಟ್ಟು ನೀನು ಓದಬೇಕಾಗಿಲ್ಲ. ನನಗೂ ಈಗ ಬೆರಳಲ್ಲಿ ಓದೋಕೆ ಬರ್ತಿದೆ. ನಿಧಾನ, ಅಷ್ಟೇ."

"ನಿಜವಾಗ್ಲೂ?" ಅಂತ ಎರಡೂ ಕೈಯಲ್ಲಿ ನನ್ನ ಕೈ ಹಿಡಕೊಂಡಳು. ಸ್ಟೇಷನ್ನಿನಲ್ಲಿ, ಎಲ್ಲರ ಎದುರಿಗೆ. ಕಣ್ಣು ತುಂಬಿತ್ತು. ಇಲ್ಲ ಕಣೇ, ಸುಳ್ಳು ಹೇಳಿದೆ ಅನ್ನೋಕೆ ಬಾಯಿ ಬರಲಿಲ್ಲ. ಮನೆಗೆ ಬಂದು ಶಾವಿಗೆ ಪಾಯಸ ಮಾಡಿದಳು, ರಾಮಲಕ್ಷ್ಮಮ್ಮನಿಗೂ ಒಂದು ಲೋಟ ಕೊಟ್ಟು ಬಂದಳು. ಮುಂದಿನ ವಾರ ನಿಜ ಹೇಳಿದ್ರಾಯ್ತು.

4 ಮೇ, ಭಾನುವಾರ

ಬೆಳಿಗ್ಗೆ ತಿಂಡಿ ಆದ ಮೇಲೆ ಕಿಟಕಿ ಹತ್ತಿರ ಕೂತು "ಓದ್ತೀನಿ." ಅವಳು ಕಾಫಿ ತಂದಿಟ್ಟು ಸದ್ದಿಲ್ಲದೆ ಹೋಗ್ತಾಳೆ, ತೊಂದರೆ ಆಗಬಾರದು ಅಂತ. ಪುಟ ಯಾವಾಗ ತಿರುಗಿಸಬೇಕು ಅನ್ನೋದೇ ದೊಡ್ಡ ತಲೆನೋವು. ಬೇಗ ತಿರುಗಿಸಿದ್ರೆ ಅನುಮಾನ, ನಿಧಾನ ಆದ್ರೆ "ಕಷ್ಟ ಆಗ್ತಿದ್ಯಾ?" ಅಂತ ಬರ್ತಾಳೆ. ಗೋಡೆ ಗಡಿಯಾರದ ಮುಳ್ಳು ನೋಡಿಕೊಂಡು ಹತ್ತು ನಿಮಿಷಕ್ಕೊಂದು ಅಂತ ಇಟ್ಟುಕೊಂಡಿದ್ದೀನಿ. ಒಂದು ಗಂಟೆಗೆ ಬೆನ್ನು ಬಿದ್ದುಹೋಗುತ್ತೆ. ಇಷ್ಟು ಸುಸ್ತಿನ ಕೆಲಸ ಅಂತ ಗೊತ್ತಿರಲಿಲ್ಲ.

14 ಮೇ, ಬುಧವಾರ

ನನಗೆ ಓದು ಬಂತು ಅಂದ ಮೇಲೆ ಅವಳು ನನ್ನೆದುರು ಓದೋದು ಬಿಟ್ಟಳು. ಮಧ್ಯಾಹ್ನ ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಓದ್ತಾಳೆ, ಪಿಸುದನಿ. ನಾನು ಹಜಾರದಲ್ಲಿ ಫ್ಯಾನ್ ಆಫ್ ಮಾಡಿ ಕೂರ್ತೀನಿ. ಸೆಖೆ. ಆದ್ರೂ ಫ್ಯಾನ್ ಹಾಕಿದ್ರೆ ಕೇಳಿಸಲ್ಲ. ಯಾವ ಪುಸ್ತಕ ಅಂತ ಗೊತ್ತಾಗಲ್ಲ, ಪದಗಳು ಅರ್ಧಂಬರ್ಧ ಬರ್ತವೆ. ಬಾವಿಯವನೇ ಇರಬೇಕು. ಅವನು ಮೇಲೆ ಬಂದನಾ ಅಂತ ಕೇಳಬೇಕು ಅನ್ನಿಸುತ್ತೆ. ಕೇಳೋ ಹಾಗಿಲ್ಲ, ನಾನು "ಓದಿ ಮುಗಿಸಿದ್ದೀನಿ."

ಒತ್ತಕ್ಷರಕ್ಕೆ ಈಗ ಎಡವಲ್ಲ ಅವಳು.

18 ಮೇ, ಭಾನುವಾರ

ಇವತ್ತು ಓದ್ತಾ ಓದ್ತಾ ಅಳ್ತಿದ್ದಳು. ಬಾಗಿಲು ತಳ್ಳಿ ಏನಾಯ್ತೇ ಅಂದೆ. "ಏನಿಲ್ಲ, ಕಥೆ" ಅಂದಳು. ಸೆರಗಿನ ಕೆಳಗೆ ಏನೋ ಮುಚ್ಚಿಕೊಂಡಳು. ಕಥೆಗೆ ಅಳೋ ಹಾಗಾದಳಲ್ಲ, ಭೇಷ್ ಅನ್ನಿಸ್ತು. ಹೊರಗೆ ಹೇಳಲಿಲ್ಲ. ಹೇಳಬಹುದಿತ್ತು.

25 ಮೇ, ಭಾನುವಾರ

ಶ್ರೀನಿವಾಸಪುರ. ಈ ಸಲ ನಾನೇ ಕರೆದೆ. ಮಾವಿನ ಕಾಲ, ಮಂಡಿ ಮುಂದೆ ಟ್ರ್ಯಾಕ್ಟರ್ ಸಾಲು, ಊರಿಗೆ ಊರೇ ಹಣ್ಣಿನ ವಾಸನೆ. ಗುರುತಿನವರ ತೋಟದಲ್ಲಿ ಮರದ ಕೆಳಗೆ ಕೂತ್ವಿ. ಅವಳು ಬಾದಾಮಿ ಹಣ್ಣು ಹೆಚ್ಚಿ ಕೊಟ್ಟಳು, ತಾನು ಓಟೆ ಚೀಪಿದಳು. ಯಾವಾಗಲೂ ಹಾಗೇ, ನನಗೆ ಹೋಳು, ಅವಳಿಗೆ ಓಟೆ. ಇವತ್ತು ಯಾಕೋ ಕಣ್ಣಿಗೆ ಬಿತ್ತು. "ಓಟೆ ನನಗೆ ಕೊಡೇ" ಅಂದೆ. ಆಶ್ಚರ್ಯದಿಂದ ನೋಡಿದಳು.

ಪುಸ್ತಕ ತಂದಿದ್ದಳು. ನನ್ನ ಕೈಗೆ ಕೊಟ್ಟು "ನೀವು ಓದಿ" ಅಂದಳು. ಮೊದಲಿನ ಹಾಗೇ. ನಾನು ಒಂದು ಗಂಟೆ ಪುಟ ತಿರುಗಿಸಿದೆ. ಎಲೆ ಸಂದಿಯಿಂದ ಬಿಸಿಲು ಬೀಳ್ತಿತ್ತು, ಅಕ್ಷರಗಳು ಇರುವೆ ಥರ. ಪುಸ್ತಕದ ಮೇಲ್ಗಡೆಯಿಂದ ಅವಳನ್ನ ನೋಡಿದೆ. ಬಹಳ ಸೊರಗಿದ್ದಾಳೆ. ಕತ್ತಿನ ಮೂಳೆ ಎದ್ದಿದೆ. ಯಾವಾಗ ಹೀಗಾದಳು?

"ಹೇಗಿದೆ?" ಅಂತ ಕೇಳಿದಳು.

"ಚೆನ್ನಾಗಿದೆ" ಅಂದೆ.

"ಬೇರೇನಾದ್ರೂ ಹೇಳಬೇಕು ಅನ್ನಿಸುತ್ತಾ?"

ಹೇಳೋದಿತ್ತು. ನನಗೆ ಓದೋಕೆ ಬಂದಿಲ್ಲ ಕಣೇ, ಬರೋದೂ ಇಲ್ಲ, ನೀನೇ ಓದು, ನಿನ್ನ ದನಿ ಬಾಗಿಲಾಚೆಯಿಂದ ಕೇಳಿ ಕೇಳಿ ಸಾಕಾಗಿದೆ ಅಂತ. ಅಷ್ಟರಲ್ಲಿ ತೋಟದವರು ಮಜ್ಜಿಗೆ ತಂದ್ರು. ಆಮೇಲೆ ಬಸ್ಸಿಗೆ ಹೊತ್ತಾಯ್ತು.

*

ಶನಿವಾರ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ನಾನು ಪುಂಗನೂರಿಗೆ ಹೋಗ್ತೀನಿ ರೀ. ವಾಣಿ ಬರೀತಿರೋದು. ತಪ್ಪಿದ್ರೆ ಕ್ಷಮಿಸಿ. ಬಾಯಲ್ಲಿ ಹೇಳೋಕೆ ಹೊರಟ್ರೆ ನೀವು ಮಧ್ಯ ಮಾತಾಡ್ತೀರ, ನನಗೆ ಮರೆತುಹೋಗುತ್ತೆ. ನಿಮಗೆ ಓದೋಕೆ ಬರ್ತಿದೆ ಅಂದ ಮೇಲೆ ಬರೆಯೋದೇ ಸರಿ ಅನ್ನಿಸ್ತು.

ಒಂದನೇ ಕ್ಲಾಸಿನ ಪುಸ್ತಕ ಮುಗಿದ ಮೇಲೆ ನಿಮ್ಮ ಕೈಬರಹ ಓದೋಕೆ ಬರುತ್ತಾ ನೋಡೋಣ ಅಂತ ಈ ನೋಟ್ ಬುಕ್ ತೆಗೆದೆ. ತಪ್ಪು, ಗೊತ್ತು. ಯುಗಾದಿ ಪುಟದ ತನಕ ಓದಿದೆ. ಮುಂದೆ ಓದೋಕೆ ಧೈರ್ಯ ಬರಲಿಲ್ಲ. ಮುಂದೆ ಇನ್ನೇನಿರುತ್ತೋ ಅಂತ.

ಬೆಟ್ಟದಲ್ಲಿ ಒಬ್ಬರೇ ಕೂತಿದ್ದೆ ಅಂತ ಬರೆದಿದ್ದೀರಿ. ನೀವು ಒಬ್ಬರೇ ಇರಲಿಲ್ಲ. ನೀವು ಓದುವಾಗ ಎಲ್ಲಿ ನಗ್ತೀರಿ, ಎಲ್ಲಿ ಹುಬ್ಬು ಗಂಟು ಹಾಕ್ತೀರಿ ಅಂತ ನಾನು ನೋಡ್ತಾ ಕೂತಿರ್ತಿದ್ದೆ. ವಾರ ಪೂರ್ತಿ ಆ ಒಂದು ದಿನಕ್ಕೆ ಕಾಯ್ತಿದ್ದೆ. ನಾನು ಸುಳ್ಳು ಹೇಳಿದೆ, ಅದು ನಿಜ. ಆದ್ರೆ ಇಷ್ಟು ವರ್ಷದಲ್ಲಿ ತೆಲುಗಿನಲ್ಲಿ ಏನು ಓದಿದ್ದೆ ಅಂತ ನೀವು ಒಂದು ಸಲವೂ ಕೇಳಲಿಲ್ಲ. ಕೇಳಿದ್ರೆ ಹೇಳಿಬಿಡ್ತಿದ್ದೆ ಅನ್ನಿಸುತ್ತೆ.

ರಾಧಕ್ಕ ತನ್ನ ಮನೇಲೇ ಇದ್ದುಬಿಡು ಅಂತಿದ್ದಾಳೆ. ಬಾಯಲ್ಲಿ ಎರಡು ದಿನ ಅಂತ ಹೇಳಿ ಹೋಗ್ತೀನಿ, ರಾಮಲಕ್ಷ್ಮಮ್ಮನಿಗೆ ಗೊತ್ತಾಗೋದು ಬೇಡ. ಆದ್ರೆ ವಾಪಸ್ ಬರಲ್ಲ. ಶನಿವಾರದ ಒಳಗೆ "ಹೋಗಬೇಡ" ಅಂತ ಒಂದೇ ಒಂದು ಮಾತು ಹೇಳಿ, ಇಲ್ಲೇ ಇರ್ತೀನಿ. ಬೇರೆ ಏನೂ ಹೇಳಬೇಕಾಗಿಲ್ಲ. ನೀವು ಓದಿಯೂ ಸುಮ್ಮನಿದ್ರೆ ಅದೇ ಉತ್ತರ ಅಂದ್ಕೋತೀನಿ. ಕೋಪ ಇಲ್ಲ ನನಗೆ.

*

4 ಜೂನ್, ಬುಧವಾರ

ಹತ್ತು ದಿನದ ಮೇಲೆ ನೋಟ್ ಬುಕ್ ತೆಗೆದೆ. ನೋಡಿದ್ರೆ ಮೇಲಿನ ಪುಟ ತುಂಬಿಹೋಗಿದೆ. ನಂದಲ್ಲ. ನೀಲಿ ಪೆನ್ನು, ದುಂಡು ದುಂಡು ಅಕ್ಷರ, ತೆಲುಗಿನವರು ಬರೆಯೋ ಹಾಗೆ. ವಾಣಿದೇ.

ಬೆರಳಿಟ್ಟು ಮೊದಲ ಪದ ತಿದ್ದಿದೆ. ದುಂಡಗೆ, ದೊಡ್ಡದಾಗಿ ಬರೆದಿರೋದರಿಂದ ಬೆರಳಿಗೆ ಸಿಕ್ತು. ಶ. ನಿ. ವಾ. ರ. ಶನಿವಾರ! ಓದಿದೆ! ಆರು ತಿಂಗಳ ಮೇಲೆ ಒಂದು ಇಡೀ ಪದ ಓದಿದೆ. ಮುಂದಿನದಕ್ಕೆ ಹೋದ್ರೆ ಕಣ್ಣು ಕತ್ತಲೆ ಬಂತು, ಬಿಟ್ಟೆ. ಮುಂದೆಯೂ ಭಾನುವಾರ, ಸೋಮವಾರ ಅಂತಲೇ ಇರಬೇಕು, ವಾರದ ಹೆಸರು ಕಾಪಿ ಬರೆದಿದ್ದಾಳೆ. ಬರೆಯೋದೂ ಕಲಿತಳಲ್ಲ, ಗಟ್ಟಿಗಿತ್ತಿ.

ಓದಿದ ಖುಷಿಗೆ ಅಡುಗೆಮನೆಗೆ ಹೋದೆ. ಆದ್ರೆ ಒಂದು ಪದ ಓದಿದೆ ಅಂತ ಕುಣಿಯೋ ಹಾಗಿಲ್ಲ, ನಾನು ಪುಸ್ತಕಗಟ್ಟಲೆ ಓದ್ತಿರೋನು! ಹಾಗಾಗಿ ಮೇಷ್ಟ್ರ ದನೀಲಿ ಅಂದೆ, "ನನ್ನ ನೋಟ್ ಬುಕ್ಕಲ್ಲಿ ಬರೆದಿದ್ದೀಯಲ್ಲ."

ಅವಳ ಕೈಲಿದ್ದ ಲೋಟ ನಿಂತುಹೋಯ್ತು. "ಓದಿದ್ರಾ?"

"ಓದಿದೆ. ಎಲ್ಲಾ ಓದಿದೆ. ಅಕ್ಷರ ದುಂಡಗಿವೆ."

ಅವಳು ನನ್ನ ಮುಖವನ್ನೇ ನೋಡಿದಳು. "ಅಷ್ಟೇನಾ?"

"ಇನ್ನೇನು? ಮುಂದಕ್ಕೆ ಬರೆಯೋದಾದ್ರೆ ಬೇರೆ ನೋಟ್ ಬುಕ್ ತಗೋ, ಇದರಲ್ಲಿ ಬೇಡ."

"ಆಗಲಿ" ಅಂದಳು.

7 ಜೂನ್, ಶನಿವಾರ

ವಾಣಿ ಅಕ್ಕನ ಮನೆಗೆ ಹೋದಳು, ಎರಡು ದಿನಕ್ಕೆ. ಎಂಟೂವರೆ ಬಸ್ಸು ಅಂತ ಏಳು ಗಂಟೆಗೇ ತಯಾರಾಗಿ ಕೂತಿದ್ದಳು. ಸಾರು ಮಾಡಿಟ್ಟಿದ್ದಾಳೆ, ಹಿಟ್ಟು ರುಬ್ಬಿಟ್ಟಿದ್ದಾಳೆ. ಬ್ಯಾಗು ಕೊಂಚ ದೊಡ್ಡದೇ ಇತ್ತು. ಅಕ್ಕನಿಗೆ ಮಾವಿನ ಹಣ್ಣು ತಗೊಂಡು ಹೋಗ್ತಿದ್ದಾಳೆ ಅಂದ್ಕೊಂಡೆ.

ಬಾಗಿಲಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಳು. ಹೋಗಲಿಲ್ಲ. "ಏನಾದ್ರೂ ಹೇಳೋದಿದೆಯಾ?" ಅಂದಳು.

ನನಗೆ ಹೇಳೋದಿತ್ತು. ಬಸ್ಸಿಗೆ ಹೊರಟವಳನ್ನ ನಿಲ್ಲಿಸಿಕೊಂಡು ಸುಳ್ಳಿನ ಪುರಾಣ ಯಾಕೆ ಬಿಚ್ಚೋದು, ಬಂದ ಮೇಲೆ ನಿಧಾನಕ್ಕೆ ಕೂತು ಹೇಳೋಣ ಅಂತ, "ಹುಷಾರಾಗಿ ಹೋಗಿ ಬಾ. ಅಕ್ಕನಿಗೆ ಕೇಳಿದೆ ಅಂತ ಹೇಳು" ಅಂದೆ.

"ಬರ್ತೀನಿ" ಅಂದಳು. ಬಗ್ಗಿ ನನ್ನ ಕಾಲು ಮುಟ್ಟಿದಳು. ಹಬ್ಬ ಅಲ್ಲ, ಹರಿದಿನ ಅಲ್ಲ. "ಏನೇ ಇದು" ಅಂತ ನಗಾಡಿದೆ.

8 ಜೂನ್, ಭಾನುವಾರ

ಮೊದಲ ಸಲ ಭಾನುವಾರ ಒಬ್ಬನೇ. ಅಡುಗೆಮನೇಲಿ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಹೋಗಿದ್ದಾಳೆ, ದುಂಡು ಅಕ್ಷರ. ಮಾತ್ರೆಗಳಿಗೂ. ಎರಡು ದಿನಕ್ಕೆ ಇಷ್ಟೆಲ್ಲ ಯಾಕೋ. ನನಗೆ ಓದೋಕೆ ಬರುತ್ತೆ ಅಂತ ನಂಬಿದ್ದಾಳೆ ಪಾಪ. ಸಕ್ಕರೆ ಯಾವುದು ಉಪ್ಪು ಯಾವುದು ಅಂತ ನಾಲಿಗೆಗೆ ಹಚ್ಚಿ ನೋಡಿ ಕಾಫಿ ಮಾಡ್ಕೊಂಡೆ.

ಕಿಟಕಿ ಹತ್ತಿರ ಕೂತೆ. ನೋಡೋರು ಯಾರೂ ಇಲ್ಲದಿದ್ರೂ ಪುಸ್ತಕ ತೆಗೆದು ಒಂದೆರಡು ಪುಟ ತಿರುಗಿಸಿದೆ. ಆಮೇಲೆ ನನಗೇ ನಾಚಿಕೆಯಾಗಿ ಮುಚ್ಚಿಟ್ಟೆ. ಮನೆ ಬಿಕೋ ಅಂತಿದೆ. ಮಧ್ಯಾಹ್ನ ಫ್ಯಾನ್ ಆಫ್ ಮಾಡಿ ಸುಮ್ಮನೆ ಕೂತಿದ್ದೆ.

ತೀರ್ಮಾನ ಮಾಡಿದ್ದೀನಿ. ನಾಳೆ ಅವಳು ಬಂದ ತಕ್ಷಣ, ಕೈಕಾಲು ತೊಳೆಯೋಕೂ ಬಿಡದೆ ಹೇಳಿಬಿಡ್ತೀನಿ. ಓದು ಬಂದಿಲ್ಲ, ಬರೋದೂ ಇಲ್ಲ. ಯುಗಾದಿ ದಿನ ಏನೇನೋ ಬರೆದೆ, ಅದೆಲ್ಲ ಸುಳ್ಳು. ಇನ್ನು ಮೇಲೆ ನೀನು ಓದು, ನಾನು ಹೂಂಗುಟ್ತೀನಿ. ತೆಲುಗಿನದೇ ಓದು ಬೇಕಾದ್ರೆ, ಅರ್ಥ ಆಗುತ್ತಲ್ಲ ನನಗೆ.

ಯಾವ ಬಸ್ಸಿಗೆ ಬರ್ತಾಳೆ ಅಂತ ಹೇಳಿಲ್ಲ. ಫೋನು ಎತ್ತುತ್ತಿಲ್ಲ, ಅಕ್ಕ ತಂಗಿ ಸೇರಿದ್ರೆ ಅಷ್ಟೇ. ಮಧ್ಯಾಹ್ನದಿಂದಲೇ ಬಸ್ ಸ್ಟ್ಯಾಂಡಿಗೆ ಹೋಗಿ ಕೂರ್ತೀನಿ. ಮುಳಬಾಗಿಲ ಕಡೆಯಿಂದ ಬರೋ ಬಸ್ಸಿನ ಬೋರ್ಡು ಓದೋಕಾಗಲ್ಲ ನನಗೆ. ಪರವಾಗಿಲ್ಲ, ಇಳಿಯೋರ ಮುಖ ನೋಡಬಹುದಲ್ಲ.